ಚೆಲ್ಲಿದ ಕೊಡ

ತೆಲಿಗಿ
೯-೭-೧೯೮೪

ರೋಶನಬಿಗೆ ಕೊಟ್ರಬಸಮ್ಮ ಬರೆಯುವುದು.

ಕ್ಷೇಮ ಕೇಳುವುದಿಲ್ಲ, ಹೇಳುವುದೂ ಇಲ್ಲ. ಸಿಟ್ಟಿನಲ್ಲಿದ್ದೇನೆ. ಉಪವಾಸವಿದ್ದವಳನ್ನು ಬೈಯಬಾರದು, ನಿಮ್ಮ ರಂಜಾನ್ ಮುಗಿಯಲಿ ಎಂದು ತಿಂಗಳಿಡೀ ಕಾದೆ. ಈಗ ಬೈಯುತ್ತೇನೆ.

ಹಬ್ಬದ ಮಾರನೆಯ ದಿನ ನಿನ್ನ ಯಜಮಾನರು ಹೈದರಸಾಬಣ್ಣ ಯಾರದೋ ಪಂಪ್‌ಸೆಟ್ ರಿಪೇರಿಗೆ ನಮ್ಮೂರಿಗೆ ಬಂದವರು ಸುರಕುಂಬ ಪಾಯಸದ ಡಬ್ಬಿ ಕೊಟ್ಟು ಹೋದರು. ಡಬ್ಬಿ ಬಂತು, ನೀನು ಬರಲಿಲ್ಲ. ಹರಪನಹಳ್ಳಿ ಬಸ್ ಸ್ಟ್ಯಾಂಡಿನಿಂದ ನಿನ್ನ ಮನೆ ಕೂಗಳತೆ ದೂರ. ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಕೂತಿರಬಹುದು. ಈ ಬೇಸಿಗೆಯಲ್ಲಿ ಖಾರ ಕುಟ್ಟಲಿಕ್ಕೆ ಬರಲಿಲ್ಲ. ನನ್ನ ಬಸುರಿ ಮಗಳು ಹಂಪಮ್ಮನ ಕುಬುಸದ ಶಾಸ್ತ್ರಕ್ಕೆ ಬರಲಿಲ್ಲ. ಆ ಹುಡುಗಿ ನಿನ್ನ ತೊಡೆಯ ಮೇಲೆ ಆಡಿ ಬೆಳೆದವಳು. ಬಳೆ ಇಟ್ಟುಕೊಳ್ಳುವಾಗಲೂ "ರೋಶನಬಿ ಚಿಗವ್ವ ಎಲ್ಲಿ?" ಎಂದು ಬಾಗಿಲ ಕಡೆಗೇ ನೋಡುತ್ತಿದ್ದಳು.

ಕಾರಣ ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ಹೋದ ವರ್ಷದ ಬೇಸಿಗೆಯಲ್ಲಿ ಖಾರ ಕುಟ್ಟುವಾಗ ಒನಕೆ ಅರ್ಧಕ್ಕೆ ಬಿಟ್ಟು ಹೋದೆಯಲ್ಲ, ಅಂದೇ ಗೊತ್ತಾಯಿತು. ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಪ್ರತಿ ಬೇಸಿಗೆ ನನ್ನ ಎದುರು ನಿಂತು ಜೋಡಿ ಒನಕೆ ಹಾಕಿದವಳು ನೀನು. ನಮ್ಮ ಹೊಲದ ಮೆಣಸಿನಕಾಯಿ, ನಿನ್ನ ತೋಳು. ಕುಟ್ಟಿದ ಖಾರದಲ್ಲಿ ಅರ್ಧ ನಿನ್ನ ಮನೆಗೆ. ಆ ದಿನ ನೀನು ನೀರು ಕುಡಿಯಲು ಹೋಗಿ ತುಂಬಿದ ಕೊಡವನ್ನು ಮೈಮೇಲೆ ಮಗುಚಿಕೊಂಡೆ. ನಮ್ಮ ಅತ್ತೆ ನಾಗಲಿಂಗಮ್ಮ ಓಣಿಗೆಲ್ಲ ಕೇಳುವಂತೆ ಬಾಯಿ ಮಾಡಿದರು. "ನೋಡ್ರೇ ಎಲ್ಲಾರೂ, ತುಂಬಿದ ಕೊಡ ಚೆಲ್ಯಾಳ! ಬಾವಿ ಏನು ಇವರಪ್ಪ ತೋಡ್ಯಾನೇನು?" ಎಂದರು. ನೀನು ನನ್ನ ಒಣ ಸೀರೆಯನ್ನೂ ಉಡದೆ, ಊಟವನ್ನೂ ಮಾಡದೆ ಹಸಿ ಸೀರೆಯಲ್ಲೇ ಬಸ್ಸು ಹತ್ತಿದೆ.

ಆ ಒಂದು ಮಾತಿಗಾಗಿ ಅಂದಿನಿಂದ ಅತ್ತೆಯ ಜೊತೆ ನಾನು ನೆಟ್ಟಗೆ ಮಾತಾಡಿಲ್ಲ. ಅವರು ಗೋಡೆಗೆ ಹೇಳುತ್ತಾರೆ, ನಾನು ಗೋಡೆಗೆ ಉತ್ತರ ಕೊಡುತ್ತೇನೆ. ನಡುವೆ ನಮ್ಮ ಯಜಮಾನರು ಕಿವುಡರ ಹಾಗೆ ಇದ್ದುಬಿಟ್ಟಿದ್ದಾರೆ. ನಿನಗಾಗಿ ನಾನು ಇಷ್ಟು ಮಾಡಿದ್ದೇನೆ. ನೀನು ನನಗಾಗಿ ಒಂದು ಬಸ್ಸು ಹತ್ತಲಾರೆಯಾ? ನಮ್ಮ ಮನೆಯ ಹೊಸ್ತಿಲು ನಿನಗೆ ಬೇಡವಾಗಿದ್ದರೆ ಹಾಗೆಂದು ಬರೆ. ಅಳುವುದಿದ್ದರೆ ಒಂದೇ ಸಲ ಅತ್ತು ಮುಗಿಸುತ್ತೇನೆ.

ಇಂತಿ,
ಕೊಟ್ರಬಸಮ್ಮ


ಹರಪನಹಳ್ಳಿ
೨೦-೭-೧೯೮೪

ಪ್ರೀತಿಯ ಕೊಟ್ರಿಗೆ ಸಲಾಂ.

ನಿನ್ನ ಕಾಗದ ಮುಟ್ಟಿತು. ನಿಮ್ಮ ಅತ್ತೆಯ ಮಾತಿಗೆ ನನಗೆ ಯಾವ ಬೇಜಾರೂ ಇಲ್ಲ, ಅಲ್ಲಾನ ಆಣೆ. ದೊಡ್ಡವರು ಅನ್ನುತ್ತಾರೆ, ನಾವು ಕೇಳುತ್ತೇವೆ. ಅವರ ಜೊತೆ ಮಾತು ಬಿಡಬೇಡ.

ನನಗೆ ಮೈಯಲ್ಲಿ ಅಷ್ಟು ನೆಟ್ಟಗಿಲ್ಲ. ಸೊಂಟ ನೋವು. ಬಸ್ಸು ಆಗುವುದಿಲ್ಲ. ಹಂಪಮ್ಮನಿಗೆ ಹಸಿರು ಬಳೆ ತೆಗೆದಿಟ್ಟಿದ್ದೇನೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ.

ಇಂತಿ ನಿನ್ನ,
ರೋಶನಬಿ


ತೆಲಿಗಿ
೨೮-೭-೧೯೮೪

ರೋಶನಿಗೆ,

ಪೋಸ್ಟಿನವನು, ನಿನ್ನ ಗಂಡ, ಯಾರು ಬೇಕಾದರೂ ಓದಲಿ ಎಂದು ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಸುಳ್ಳು ಹೇಳಲು ನಿನಗೆ ಬರುವುದಿಲ್ಲ. ನಾಲ್ಕನೇ ಇಯತ್ತೆಯಲ್ಲಿ ಪಾಟಿ ಒಡೆದಾಗಲೂ ಬಂದಿರಲಿಲ್ಲ. ಸೊಂಟ ನೋವಿದ್ದವಳು ಕಳೆದ ತಿಂಗಳು ಮನೆಗೆಲ್ಲ ಸುಣ್ಣ ಬಳಿದೆಯಂತೆ, ಹೈದರಸಾಬಣ್ಣನೇ ಹೇಳಿದರು. ಹಂಪಮ್ಮನಿಗೆ ಈ ತಿಂಗಳಲ್ಲೋ ಬರುವ ತಿಂಗಳಲ್ಲೋ ಹೆರಿಗೆ. ನಿಜ ಬರೆದರೆ ಓದುತ್ತೇನೆ. ಬಳೆ ಕಳಿಸಬೇಡ.

ಕೊಟ್ರಬಸಮ್ಮ


ಹರಪನಹಳ್ಳಿ
೬-೮-೧೯೮೪

ಕೊಟ್ರಿ,

ಇದನ್ನು ಒಬ್ಬಳೇ ಇದ್ದಾಗ ಓದು. ಓದಿ ಒಲೆಗೆ ಹಾಕು. ಇನ್‌ಲ್ಯಾಂಡಿನ ಅಂಟಿನ ಮೇಲೆ ಗಂಜಿಯನ್ನೂ ಸವರಿದ್ದೇನೆ, ಅಷ್ಟು ಭಯ ನನಗೆ.

ಆ ದಿನ ಕೊಡ ತಾನಾಗಿ ಚೆಲ್ಲಲಿಲ್ಲ. ನಾನೇ ಚೆಲ್ಲಿಕೊಂಡೆ.

ಖಾರದ ಘಾಟಿಗೆ ಸೀನು ಹತ್ತಿತ್ತು, ನಿನಗೆ ನೆನಪಿರಬಹುದು. ಒಂದರ ಹಿಂದೆ ಒಂದು ಬಂದವು. ಒನಕೆ ಮೇಲೆತ್ತಿದ್ದಾಗಲೇ ಒಂದು ದೊಡ್ಡ ಸೀನು ಬಂತು, ಅದರ ಜೊತೆಗೆ ಮೂತ್ರವೂ ಹೋಯಿತು. ಹನಿಯಲ್ಲ ಕೊಟ್ರಿ, ಕಾಲಿಗೆ ಬಿಸಿ ತಾಗಿತು. ಸುತ್ತ ಓಣಿಯ ಹೆಂಗಸರು, ನಡುವೆ ನಾನು. ಸೀರೆ ಹಿಂದೆ ಎಷ್ಟು ಒದ್ದೆಯಾಗಿದೆಯೋ ಕಾಣದು. ಮುಂದೆ ಕೊಡವಿತ್ತು. ಕುಡಿಯುವವಳ ಹಾಗೆ ಹೋಗಿ ಮೈಮೇಲೆ ಮಗುಚಿಕೊಂಡೆ. ಬೈಸಿಕೊಂಡೆ. ಬೈಸಿಕೊಂಡದ್ದು ಒಳ್ಳೆಯದೇ ಆಯಿತು ಅನ್ನಿಸಿತು. ನಿನ್ನ ಒಣ ಸೀರೆ ಉಡಲು ಧೈರ್ಯವಾಗಲಿಲ್ಲ, ಬಸ್ಸಿನ ಕುಲುಕಾಟದಲ್ಲಿ ಅದೂ ಹಾಳಾದರೆ ಎಂದು. ಹಾಗೇ ಆಯಿತು ಕೂಡ.

ಕೊನೆಯ ಮಗ ಹುಟ್ಟಿದಾಗಿನಿಂದ ಇದು ಸ್ವಲ್ಪ ಸ್ವಲ್ಪ ಇತ್ತು. ಕೆಮ್ಮಿದರೆ, ತುಂಬಿದ ಬಕೆಟ್ ಎತ್ತಿದರೆ ಒಂದೆರಡು ಹನಿ. ಐದು ಹೆತ್ತವಳಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡೆ. ಈಗ ನಗಲಿಕ್ಕೂ ಹೆದರಿಕೆ. ಬಸ್ಸು ಎಂದರೆ ಎದೆ ಹೊಡೆದುಕೊಳ್ಳುತ್ತದೆ. ಮನೆಯಲ್ಲಿ ನಮಾಜಿಗೆ ನಿಂತರೂ ಅನುಮಾನ ಬಿಡದು. ನಮಾಜಿಗೆ ಮುಂಚೆ ನಾವು ಕೈಕಾಲು ಮುಖ ತೊಳೆದು ವಜೂ ಮಾಡುವುದನ್ನು ನೀನು ನೋಡಿದ್ದೀಯಲ್ಲ, ಒಂದು ಹನಿ ಹೋದರೂ ಅದು ಮುರಿಯಿತು. ಬಗ್ಗಿ ಏಳುವುದರೊಳಗೆ ಮುರಿಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ಬಚ್ಚಲಿಗೆ ಹೋಗುತ್ತೇನೆ. ನಮ್ಮ ಅತ್ತೆ ಬದುಕಿದ್ದರೆ ಕೇಳುತ್ತಿದ್ದರು. ಈಗ ಕೇಳುವವರಿಲ್ಲ, ಅದೇ ಪುಣ್ಯ. ಸೀರೆ ಒದ್ದೆಯಾಗದಿರಲಿ ಎಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದೇನೆ.

ನಮ್ಮ ಮನೆಯವರು ಊರವರ ಪಂಪುಗಳಿಗೆಲ್ಲ ವಾಷರ್ ಹಾಕಿ ಸೋರುವುದನ್ನು ನಿಲ್ಲಿಸುತ್ತಾರೆ. ಮನೆಯಲ್ಲಿರುವ ಪಂಪಿನ ವಿಷಯ ಅವರಿಗೆ ಗೊತ್ತೇ ಇಲ್ಲ. ಬರೆಯುತ್ತಾ ನಗು ಬಂತು ನೋಡು, ಎಷ್ಟೋ ದಿನದ ಮೇಲೆ.

ನಿನ್ನ ಹೊಸ್ತಿಲು ಬೇಡವಾಗಿ ಅಲ್ಲ ಕೊಟ್ರಿ. ನಿನ್ನ ಮನೆಯ ಚಾಪೆಯ ಮೇಲೆ ಕೂತು ಏಳುವಾಗ ನಾಲ್ಕು ಜನರ ಮುಂದೆ ಮಾನ ಹೋದರೆ ಹೇಗೆ ಎಂದು ಬರಲಿಲ್ಲ. ಈಗ ಅಸಹ್ಯಪಟ್ಟುಕೊಂಡರೆ ಪಟ್ಟುಕೋ.

ನಿನ್ನ,
ರೋಶನಬಿ


ದಾವಣಗೆರೆ
೨-೯-೧೯೮೪

ಲೇ ರೋಶನಿ,

ಇಷ್ಟು ದಿನ ಉತ್ತರ ಬರೆಯದಿದ್ದುದಕ್ಕೆ ಏನೇನು ಅಂದುಕೊಂಡೆಯೋ. ನಿನ್ನ ಕಾಗದ ಕೈಗೆ ಬಂದ ಸಂಜೆಯೇ ಹಂಪಮ್ಮನಿಗೆ ನೋವು ಬಂತು. ಕಾಗದವನ್ನು ಕುಬುಸದೊಳಗೆ ಇಟ್ಟುಕೊಂಡು ದಾವಣಗೆರೆಗೆ ಬಂದೆ. ಗಂಡು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಆಸ್ಪತ್ರೆಯ ಜಗಲಿಯಲ್ಲಿ ಕೂತು ನಿನ್ನ ಕಾಗದ ಓದಿ ಅತ್ತೆ, ಆಮೇಲೆ ಪಂಪಿನ ಮಾತಿಗೆ ನಕ್ಕೆ. ಪಕ್ಕದಲ್ಲಿದ್ದವರು ಮಗಳಿಗೆ ಹೆರಿಗೆ ಕಷ್ಟವಾಗಿರಬೇಕು ಪಾಪ ಎಂದು ನೀರು ತಂದು ಕೊಟ್ಟರು.

ಅಸಹ್ಯವಂತೆ! ಮೂರು ಹೆತ್ತ ಮೇಲೆ ನನಗೂ ಕೆಮ್ಮಿದರೆ ಹನಿ ಹೋಗುತ್ತಿತ್ತು ಕಣೇ. ನಾನು ಯಾರ ಮುಂದೆ ಹೇಳಿದೆ? ನಿನ್ನ ಮುಂದೆಯೂ ಹೇಳಲಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ನಾವು, ಗಂಡಂದಿರ ಗೊರಕೆಯಿಂದ ಹಿಡಿದು ಎಲ್ಲ ಆಡಿಕೊಂಡು ನಕ್ಕಿದ್ದೇವೆ, ಇದೊಂದನ್ನು ಇಬ್ಬರೂ ಮುಚ್ಚಿಟ್ಟಿದ್ದೇವೆ.

ಈಗ ಒಳ್ಳೆಯ ಸುದ್ದಿ ಕೇಳು. ಇಲ್ಲಿಯ ಡಾಕ್ಟರಮ್ಮ ಹಂಪಮ್ಮನಿಗೆ ಏನೋ ಕಸರತ್ತು ಹೇಳಿಕೊಡುತ್ತಿದ್ದರು. ನಾನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಹೆತ್ತವರಿಗೆ ಕೆಳಗಿನ ಸ್ನಾಯು ಸಡಿಲವಾಗುತ್ತದಂತೆ. ಎಲೆ ಅಡಿಕೆ ಸಂಚಿಯ ದಾರ ಎಳೆದರೆ ಬಾಯಿ ಮುಚ್ಚುತ್ತದಲ್ಲ, ಹಾಗೆ ಬಿಗಿ ಮಾಡಬೇಕಂತೆ. ಮೂತ್ರ ಅರ್ಧದಲ್ಲಿ ನಿಲ್ಲಿಸುವಾಗ ಯಾವುದನ್ನು ಬಿಗಿಹಿಡಿಯುತ್ತೇವೋ ಅದೇ. ದಿನಾ ಮಾಡಿದರೆ ಗಟ್ಟಿಯಾಗುತ್ತದಂತೆ. ನೀನು ಬಚ್ಚಲಿಗೆ ಹೋದಾಗಲೆಲ್ಲ ಹಾಗೆ ನಿಲ್ಲಿಸಿ ನಿಲ್ಲಿಸಿ ಬಿಡು. ಎಷ್ಟು ಹೆಚ್ಚು ಮಾಡಿದರೆ ಅಷ್ಟು ಬೇಗ ವಾಸಿ. ಬೇಸಿಗೆಯೊಳಗೆ ನೀನು ಎದುರು ನಿಂತು ಒನಕೆ ಹಾಕಬೇಕು.

ನಿನ್ನ ಕೊಟ್ರಿ

ಬಳೆ ಬೇಡ ಎಂದದ್ದು ಸುಳ್ಳು. ಇಟ್ಟಿರು.


ಹರಪನಹಳ್ಳಿ
೨೫-೯-೧೯೮೪

ಕೊಟ್ರಿಗೆ,

ಮಗುವಿಗೆ ನನ್ನ ಮುತ್ತು. ಹೊಸ ಅಜ್ಜಿಗೂ ಸಲಾಂ.

ನೀನು ಹೇಳಿದ ಹಾಗೆ ಮಾಡಿದೆ. ಅದಕ್ಕಿಂತ ಹೆಚ್ಚೇ ಮಾಡಿದೆ. ಬಚ್ಚಲಿಗೆ ಹೋದಾಗಲೆಲ್ಲ ನಿಲ್ಲಿಸಿದೆ. ರೊಟ್ಟಿ ಬಡಿಯುವಾಗ, ಪಾತ್ರೆ ತಿಕ್ಕುವಾಗ, ನಿದ್ದೆ ಬರುವತನಕ ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ ಬಲ ಹಾಕಿದೆ. ಬಾಣಂತಿಯರು ಕಟ್ಟುವಂತೆ ಹೊಟ್ಟೆಗೆ ಹಳೆ ಸೀರೆಯನ್ನೂ ಬಿಗಿದು ಕಟ್ಟಿಕೊಂಡೆ. ಆದರೆ ಸೋರುವುದು ಮೊದಲಿಗಿಂತ ಜಾಸ್ತಿ ಆಯಿತು. ಈಗ ಮೂತ್ರಕ್ಕೆ ಹೋದರೆ ಉರಿ, ಖಾರ ಸವರಿದ ಹಾಗೆ. ಎರಡು ದಿನದಿಂದ ಚಳಿ ಬಿಟ್ಟು ಬಿಟ್ಟು ಬರುತ್ತಿದೆ.

ನಿನ್ನ ಮೇಲೆ ಸಿಟ್ಟಿಲ್ಲ. ನನ್ನ ಹಣೆಬರಹ ಇಷ್ಟೇ. ಇನ್ನು ಈ ವಿಷಯ ಬರೆಯಬೇಡ. ಮಗುವಿನ ತೊಟ್ಟಿಲಿಗೂ ಬರಲಾರೆ.

ರೋಶನಬಿ


ತೆಲಿಗಿ
೧-೧೦-೧೯೮೪

ರೋಶನಿ,

ನಿನ್ನ ಕಾಗದ ನಿನ್ನೆ ಬಂತು. ಇವತ್ತು ಬೆಳಿಗ್ಗೆಯೇ ದಾವಣಗೆರೆಗೆ ಹೋಗಿ ಆ ಡಾಕ್ಟರಮ್ಮನನ್ನು ನೇರ ಕೇಳಿದೆ. ಹೆಸರು ಹೇಳಲಿಲ್ಲ, ನನ್ನ ತಂಗಿ ಎಂದೆ. ನನಗೆ ಬಿದ್ದ ಬೈಗಳು ಕೇಳಬೇಕಿತ್ತು.

"ಯಾರು ಹೇಳಿದ್ರು ನಿಮಗ ಬಚ್ಚಲದಾಗ ಕುಂತು ಮಾಡ್ರಿ ಅಂತ? ಯಾವ ಸ್ನಾಯು ಅಂತ ಗೊತ್ತಾಗ್ಲಿ ಅಂತ ಆ ಮಾತು ಹೇಳಿದ್ದು. ದಿನಾ ಮೂತ್ರ ತಡದು ತಡದು ಮಾಡಿದ್ರ ಪೂರಾ ಖಾಲಿ ಆಗಂಗಿಲ್ಲ, ಸೋಂಕು ಆಗತೈತಿ. ನೀರು ಬ್ಯಾರೆ ಕುಡಿಯಂಗಿಲ್ಲ ಅಂತೀರಿ! ಮೊದ್ಲು ಆಸ್ಪತ್ರಿಗೆ ಹೋಗಿ ಉರಿಗೆ ಔಷಧಿ ತಗಳಾಕ ಹೇಳ್ರಿ, ಇವತ್ತಂದ್ರ ಇವತ್ತ. ಕಸರತ್ತು ಆಮ್ಯಾಕ" ಎಂದರು. ಬಾಗಿಲಲ್ಲಿ ನಿಂತು ಅರ್ಧ ಕೇಳಿದ್ದನ್ನು ನಿನಗೆ ಪೂರ್ತಿ ಮಾಡಿ ಬರೆದೆ ನಾನು. ಮನೆ ಗುಡಿಸು ಎಂದದ್ದನ್ನು ಅರೆಬರೆ ಕೇಳಿದವಳು ಅಂಗಳ ಗುಡಿಸಿದಳಂತೆ, ಹಾಗಾಯಿತು.

ನಿಮ್ಮೂರ ಸರ್ಕಾರಿ ಆಸ್ಪತ್ರೆಗೆ ಲೇಡಿ ಡಾಕ್ಟರ್ ಬಂದಿದ್ದಾರಂತೆ, ವಿಚಾರಿಸಿದ್ದೇನೆ. ಹೊಟ್ಟೆಗೆ ಕಟ್ಟಿದ ಸೀರೆ ಬಿಚ್ಚು. ನೀರು ಕುಡಿ. ಈ ಕಾಗದ ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬರುತ್ತದೆ. ಅದರ ಹಿಂದಿನ ಬಸ್ಸಿಗೆ ನಾನು ಬರುತ್ತೇನೆ. ನೀನು ಬಸ್ಸು ಹತ್ತಬೇಕಾಗಿಲ್ಲ. ಆಸ್ಪತ್ರೆಗೆ ನಡೆದುಕೊಂಡೇ ಹೋಗೋಣ. ಬೇಡ ಅಂದರೆ ಓಣಿಯಲ್ಲಿ ನಿಂತು ಕೂಗುತ್ತೇನೆ, ನಾನು ನಾಗಲಿಂಗಮ್ಮನ ಸೊಸೆ.

ಕೊಟ್ರಿ


ಹರಪನಹಳ್ಳಿ
೪-೧೧-೧೯೮೪

ನನ್ನ ಕೊಟ್ರಿಗೆ,

ಉರಿ ಹೋಯಿತು. ಗುಳಿಗೆಯನ್ನು ಕೊಟ್ಟಷ್ಟೂ ದಿನ ತಪ್ಪದೆ ನುಂಗಿದೆ. ನೀನು ಅಂದು ಆಸ್ಪತ್ರೆಯ ಪರದೆಯ ಆಚೆ ನಿಂತಿದ್ದೆ, ಒಳಗಿನದನ್ನು ಪೂರ್ತಿ ಹೇಳುತ್ತೇನೆ ಎಂದಿದ್ದೆನಲ್ಲ, ದಾರಿಯಲ್ಲಿ ನಾಚಿಕೆಯಿಂದ ಹೇಳಲಾಗಲಿಲ್ಲ. ಎದುರಿಗೆ ಬಾರದ್ದು ಕಾಗದದಲ್ಲಿ ಬರುತ್ತದೆ, ನಮ್ಮಿಬ್ಬರ ಹಣೆಬರಹವೇ ಹಾಗೆ.

ಅಂದು ಇಲ್ಲಿಯ ಡಾಕ್ಟರಮ್ಮ ಎಲ್ಲ ಕೇಳಿ ಗುಳಿಗೆ ಕೊಟ್ಟು, ಉರಿ ಹೋದ ಮೇಲೆ ಬನ್ನಿ ಎಂದರು, ಹಾಗೇ ಎರಡನೇ ಸಲ ಹೋದೆ. ಡಾಕ್ಟರಮ್ಮ ನನ್ನನ್ನು ಮಲಗಿಸಿ ಪರೀಕ್ಷೆ ಮಾಡಿದರು. ಗರ್ಭಕೋಶ ಜಾರಿಲ್ಲ, ಆಪರೇಷನ್ನೂ ಬೇಡ, ಸ್ನಾಯು ಸೋತಿದೆ ಅಷ್ಟೇ ಎಂದರು. ಅಷ್ಟೇ ಎಂಬ ಮಾತು ಕೇಳಿ ಅಲ್ಲೇ ಅತ್ತುಬಿಟ್ಟೆ. ನಾನು ಕ್ಯಾನ್ಸರ್‌ವರೆಗೂ ಯೋಚಿಸಿ ಮಕ್ಕಳನ್ನು ಯಾರು ನೋಡುತ್ತಾರೆ ಎಂದು ಮನಸ್ಸಿನಲ್ಲೇ ಹಂಚಿಬಿಟ್ಟಿದ್ದೆ.

ಆಮೇಲೆ "ಈಗ ಬಿಗಿ ಮಾಡ್ರಿ ನೋಡೋಣ" ಎಂದರು. ನಾನು ಉಸಿರು ಹಿಡಿದು ಬಲ ಹಾಕಿದೆ. ಅವರು ನಕ್ಕುಬಿಟ್ಟರು.

"ಅಮ್ಮಾ, ನೀವು ಮ್ಯಾಲೆ ಎಳಿಯಾಕತ್ತಿಲ್ಲ, ಕೆಳಗ ತಳ್ಳಾಕತ್ತೀರಿ. ಇದು ಹೆರಿಗಿ ಮಾಡಿದಂಗಾತು. ಹಿಂಗ ಮಾಡಿದ್ರ ಇನ್ನಾ ಸಡಿಲ ಆಗತೈತಿ."

ನನಗೆ ಎಲ್ಲಿಂದ ಗೊತ್ತಾಗಬೇಕು ಹೇಳು? ಹೆರುವಾಗ ಸೂಲಗಿತ್ತಿ "ತಿಣುಕವ್ವಾ ತಿಣುಕು" ಅಂದದ್ದು ಗೊತ್ತು, ಒರಳಿಗೆ ಒನಕೆ ಹಾಕಿದ್ದು ಗೊತ್ತು. ಬಲ ಎಂದರೆ ಕೆಳಕ್ಕೆ ಹಾಕುವುದು ಎಂದೇ ಕಲಿತ ಕೈ ನಮ್ಮದು. ಒನಕೆಗೂ ಬಲ ಬೇಕಾದದ್ದು ಎತ್ತುವಾಗ ಎಂಬುದು ಮರೆತೇ ಹೋಗಿತ್ತು. ಇಳಿಯುವಾಗ ಅದು ತಾನೇ ಇಳಿಯುತ್ತದೆ. ಅದನ್ನು ಹೇಳಿದರೆ ಡಾಕ್ಟರಮ್ಮ "ಹಾಂ, ಎತ್ತೋದು ಅಷ್ಟ ಮಾಡ್ರಿ, ಕುಟ್ಟಬ್ಯಾಡ್ರಿ" ಎಂದರು.

ಮೊದಲು ಬಚ್ಚಲಿಗೆ ಹೋಗಿ ಬಂದು, ಮೊಣಕಾಲು ಮಡಚಿ ಅಂಗಾತ ಮಲಗಬೇಕು. ಗಾಳಿ ಹೋಗದಂತೆ ತಡೆಯುತ್ತೇವಲ್ಲ, ಹಾಗೆ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಬಿಗಿಮಾಡಿ ಒಳಗೆ ಮೇಲಕ್ಕೆ ಎಳೆದುಕೊಳ್ಳಬೇಕು. ತುಸು ಹೊತ್ತು ಹಿಡಿದು ಪೂರಾ ಸಡಿಲ ಬಿಡಬೇಕು. ಬಿಗಿ ಹಿಡಿದಷ್ಟೇ ಹೊತ್ತು ಸುಮ್ಮನಿರಬೇಕು. ಸಡಿಲ ಬಿಡುವುದೂ ಕಸರತ್ತೇ ಅಂತೆ, ನಾನು ಅದನ್ನೇ ಬಿಟ್ಟಿದ್ದೆ. ತೊಡೆ, ಹೊಟ್ಟೆ, ಕುಂಡಿ ಯಾವುದೂ ಬಿಗಿಯಬಾರದು. ದಿನಕ್ಕೆ ಎರಡು ಮೂರು ಸಲ ಸಾಕು. ಸುಸ್ತಾದರೆ ಅಲ್ಲಿಗೆ ಬಿಡಬೇಕು. ಎಲ್ಲಕ್ಕಿಂತ ಮುಖ್ಯ, ಉಸಿರು ಹಿಡಿಯಬಾರದು.

ಅಲ್ಲೇ ನನಗೆ ಎಡವಟ್ಟಾದದ್ದು. ಬಿಗಿ ಮಾಡಿದೆ ಎಂದರೆ ಉಸಿರು ನಿಂತಿರುತ್ತದೆ. ನಿಂತದ್ದು ನನಗೆ ತಿಳಿಯುವುದೇ ಇಲ್ಲ. ಡಾಕ್ಟರಮ್ಮ ಎಣಿಸಿ ಎಂದರು, ಮನಸ್ಸಿನಲ್ಲಿ ಎಣಿಸಿದರೂ ಉಸಿರು ನಿಂತೇ ಇರುತ್ತದೆ. ಆಮೇಲೆ ಒಂದು ದಿನ ಖಾರ ಕುಟ್ಟುವಾಗ ನಾವು ಹಾಡುತ್ತಿದ್ದ ಪದ ನೆನಪಾಯಿತು. ನೀನು ಎಳೆಯುತ್ತಿದ್ದೆ, ನಾನು ಹಿಡಿಯುತ್ತಿದ್ದೆ:

ಕೆಂಪ ಸೀರಿ ಉಟ್ಟು ಖಾರವ್ವ ಬಂದಾಳ
ಅಕ್ಕನ ಕಣ್ಣಾಗ ನೀರ ತಂದಾಳ

ಬಾಯಲ್ಲಿ ಪದವಿದ್ದರೆ ಉಸಿರು ನಿಲ್ಲುವುದು ಹೇಗೆ? ಒಂದು ಸಾಲು ಗುನುಗುವತನಕ ಬಿಗಿ, ಇನ್ನೊಂದು ಸಾಲಿಗೆ ಸಡಿಲ. ಪದ ಕಡಿದರೆ ನಾನು ತಪ್ಪುತ್ತಿದ್ದೇನೆ ಎಂದು ಗೊತ್ತಾಗುತ್ತದೆ. ಹಿಂದಿನವರು ದಣಿವು ಕಳೆಯಲಿ ಎಂದು ಹಾಡಿದರೋ, ಉಸಿರು ಆಡಲಿ ಎಂದು ಹಾಡಿದರೋ, ನನಗಂತೂ ಉಪಯೋಗಕ್ಕೆ ಬಂತು. ಮತ್ತೊಮ್ಮೆ ಹೋದಾಗ ಡಾಕ್ಟರಮ್ಮನಿಗೆ ಹಾಡಿ ತೋರಿಸಿದೆ. ನರ್ಸ್ ಒಳಗೆ ಬಂದು ನೋಡಿ ಹೋದಳು.

ಮನೆಯವರು ಹೋದ ವಾರ ಬಾಗಿಲಲ್ಲಿ ನಿಂತು, "ಏನಾತ ನಿನಗ? ಅಂಗಾತ ಮಲಗಿ ಕುಟ್ಟೋ ಪದ ಹಾಡ್ತೀಯಲ್ಲ, ಖಾರ ಎಲ್ಲೈತಿ?" ಎಂದರು. ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಇಷ್ಟು ವರ್ಷ ಒಬ್ಬಾಕೀನ ಇಟ್ಕಂಡಿದ್ದೇನ?" ಎಂದರು. ಅಂದಿನಿಂದ ನೀರಿನ ಬಕೆಟ್ ಅವರೇ ಎತ್ತಿಡುತ್ತಾರೆ. ಇದು ಎಷ್ಟು ದಿನವೋ ನೋಡೋಣ.

ಗುಣ ಕಾಣಲು ಮೂರು ತಿಂಗಳಾದರೂ ಬೇಕಂತೆ. ಅವಸರ ಮಾಡಬೇಡಿ ಎಂದು ಬರೆದೇ ಕೊಟ್ಟಿದ್ದಾರೆ.

ನಿನ್ನ,
ರೋಶನಿ


ತೆಲಿಗಿ
೨೩-೧೨-೧೯೮೪

ರೋಶನಿಗೆ,

ಜೋಳದ ಹೊಲದ ಕೆಲಸದಲ್ಲಿ ಕಾಗದಕ್ಕೆ ಕೈ ಬರಲಿಲ್ಲ. ನಾನೂ ಪದ ಹಾಡುತ್ತಿದ್ದೇನೆ, ಹಂಪಮ್ಮನೂ ಮಗುವನ್ನು ಮಲಗಿಸಿ ಹಾಡುತ್ತಾಳೆ. ಮಗು ಜೋಗುಳ ಎಂದುಕೊಂಡಿದೆ. ಅತ್ತೆ ಮಾತ್ರ ಗೋಡೆಗೆ, "ಈ ಮನ್ಯಾಗ ಖಾರ ಇಲ್ದ ಖಾರದ ಪದ ಹಾಡ್ತಾರ" ಎಂದರು. ನಾನು ಗೋಡೆಗೂ ಉತ್ತರ ಕೊಡಲಿಲ್ಲ.

ನೀನು ಹೇಗಿದ್ದೀಯ? ಒಂದು ಸಾಲು ಬರೆ.

ಕೊಟ್ರಿ


ಹರಪನಹಳ್ಳಿ
೧೭-೨-೧೯೮೫

ಕೊಟ್ರಿ,

ಒಂದು ಸಾಲು ಕೇಳಿದ್ದೆ. ಮೊನ್ನೆ ಇಡೀ ನಮಾಜನ್ನು ಒಂದೇ ವಜೂದಲ್ಲಿ ಮುಗಿಸಿದೆ. ಮುಗಿದ ಮೇಲೂ ಜಾನಮಾಜಿನ ಚಾಪೆಯ ಮೇಲಿಂದ ಏಳಲು ಮನಸ್ಸಾಗಲಿಲ್ಲ.

ಪೂರಾ ವಾಸಿ ಎಂದು ಹೇಳಲಾರೆ. ಹೋದ ವಾರ ಭಾರದ ಹಿಟ್ಟಿನ ಡಬ್ಬಿ ಎತ್ತಿದಾಗ ಒಂದು ಹನಿ ಹೋಯಿತು. ಆದರೆ ಈಗ ಕೆಮ್ಮು ಬರುವ ಮುಂಚೆಯೇ, ಎತ್ತುವ ಮುಂಚೆಯೇ ಬಿಗಿ ಮಾಡುವುದು ರೂಢಿಯಾಗುತ್ತಿದೆ. ಹೊಟ್ಟೆ ತುಂಬ ನೀರು ಕುಡಿಯುತ್ತೇನೆ.

ಈ ಸಲ ಮೆಣಸಿನಕಾಯಿ ಯಾವಾಗ ಒಣಗುತ್ತದೆ?

ರೋಶನಿ


ತೆಲಿಗಿ
೮-೩-೧೯೮೫

ಲೇ ರೋಶನಿ,

ಕಾಯಿ ಒಣಗಿದೆ. ಅಂಗಳಕ್ಕೆಲ್ಲ ಕೆಂಪು ಹಾಸಿದ ಹಾಗೆ ಕಾಣುತ್ತದೆ. ಬರುವ ಸೋಮವಾರ ಕುಟ್ಟುತ್ತೇವೆ. ನೀನು ಒನಕೆ ಮುಟ್ಟಬೇಡ, ಜರಡಿ ಹಿಡಿದರೆ ಸಾಕು. ಭಾನುವಾರವೇ ಬಾ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತುಕೋ, ಅಲ್ಲಿ ಕುಲುಕು ಕಡಿಮೆ. ನಾನು ಸ್ಟಾಪಿನಲ್ಲಿರುತ್ತೇನೆ. ಬಾರದಿದ್ದರೂ ಸಿಟ್ಟು ಮಾಡುವುದಿಲ್ಲ, ಆದರೆ ಬಾ.

ಕೊಟ್ರಿ


ಹರಪನಹಳ್ಳಿ
೧೫-೩-೧೯೮೫

ನನ್ನ ಪ್ರೀತಿಯ ಕೊಟ್ರಿಗೆ,

ನಾಲ್ಕು ದಿನ ನಿನ್ನ ಜೊತೆಗೇ ಇದ್ದು ಬಂದವಳು, ಮತ್ತೆ ಕಾಗದವೇಕೆ ಅನ್ನುತ್ತೀ. ಹೇಳಲೇಬೇಕಾದ ಒಂದು ಮಾತು ಉಳಿಸಿಕೊಂಡು ಬಂದಿದ್ದೇನೆ. ಹೇಳಬಾರದು ಎಂದು ಆಣೆ ಹಾಕಿಸಿಕೊಂಡಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಬರೆಯಬಾರದು ಎಂದು ಅವರು ಹೇಳಿಲ್ಲ.

ಮೊದಲು ಸೋಮವಾರದ್ದು. ನೀನು ಒನಕೆ ಹಿಡಿದು ನಿಂತಿದ್ದೆ, ಎದುರಿಗೆ ನಿಮ್ಮ ಓಣಿಯ ಎರ್ರೆಪ್ಪನ ಹೆಂಡತಿ. ನನ್ನ ಕೈಯಲ್ಲಿ ಜರಡಿ. ನೀನೇನೋ ಜರಡಿ ಸಸಾರ ಎಂದೆ. ಘಾಟು ಏಳುವುದೇ ಅಲ್ಲಿ. ನಾನು ಕೂತ ತಕ್ಷಣ ನಿಮ್ಮ ಅತ್ತೆ ಬಂದು ಪಕ್ಕದಲ್ಲಿದ್ದ ನೀರಿನ ಕೊಡವನ್ನು ಎತ್ತಿ ಆ ಕಡೆಯ ಕಟ್ಟೆಯ ಮೇಲಿಟ್ಟರು. "ಈ ಸಲ ಈಕಿ ಕೈಗೆ ಕೊಡ ಸಿಗಬಾರದು" ಎಂದರು. ನೀನು ಒನಕೆ ನಿಲ್ಲಿಸಿ ಅವರನ್ನು ಸುಟ್ಟುಬಿಡುವ ಹಾಗೆ ನೋಡಿದೆ. ನಾನು ಕಣ್ಣಲ್ಲೇ ಬೇಡ ಎಂದೆ.

ಆಮೇಲೆ ಸೀನು ಬಂತು. ಬರುತ್ತದೆ ಎಂದು ಮೂಗಿನ ತುದಿ ಹೇಳಿತು, ಕೆಳಗೆ ಬಿಗಿ ಮಾಡಿದೆ. ಸೀನಿದೆ. ಇನ್ನೊಂದು ಬಂತು, ಮತ್ತೊಂದು. ಕೈ ತಾನಾಗಿ ಕೊಡವನ್ನು ಹುಡುಕಿತು. ಕೊಡ ಇರಲಿಲ್ಲ. ಎದ್ದು ನಿಂತು ಹಿಂದೆ ಕೈಯಾಡಿಸಿ ನೋಡಿಕೊಂಡೆ. ಸೀರೆ ಒಣಗೇ ಇತ್ತು ಕೊಟ್ರಿ. ನಿನ್ನ ಕಡೆ ನೋಡಿ ತಲೆಯಾಡಿಸಿದೆ. ನೀನು ನಗುತ್ತಾ ಅತ್ತೆ. ಖಾರದ ಮನೆಯಲ್ಲಿ ಅಳುವವರನ್ನು ಯಾರೂ ಏಕೆ ಎಂದು ಕೇಳುವುದಿಲ್ಲ, ಅದೊಂದು ಸುಖ.

ಈಗ ನಿನಗೆ ಗೊತ್ತಿಲ್ಲದ್ದು. ನಾನು ಹೊರಡುವ ದಿನ ನೀನು ದನಕ್ಕೆ ಮೇವು ಹಾಕಲು ಹೋಗಿದ್ದೆ. ನಾಗಲಿಂಗಮ್ಮ ಖಾರದ ಡಬ್ಬಿ ಹಿಡಿದು ಹಿತ್ತಲಿಗೆ ಬಂದರು. ಡಬ್ಬಿ ಕೈಗಿಟ್ಟು ಮೆಲ್ಲಗೆ, "ವಾಸಿ ಆತೇನ?" ಎಂದರು.

"ಏನ್ರಿ ಅಮ್ಮಾ?" ಎಂದೆ.

"ಸುಮ್ನಿರು, ನನ್ನ ಮುಂದ ಏನು ಮುಚ್ಚತೀ? ನಾನು ಎಂಟು ಹಡದಾಕಿ. 'ಈ ಸಲ ಕೊಡ ಬೇಕಾಗಂಗಿಲ್ಲ' ಅಂತ ನಿನ್ನ ಮಕ ನೋಡಿದ ಕೂಡ್ಲೆ ಗೊತ್ತಾತು, ಅದಕ್ಕ ಕೊಡ ಎತ್ತಿಟ್ಟೆ. ಆವತ್ತ ನೀ ಸೀನಿದ್ದೂ ನೋಡೀನಿ, ಕೊಡ ಮಗುಚಿಕೆಂಡಿದ್ದೂ ನೋಡೀನಿ. ನೀರು ಬಿದ್ದಿದ್ದು ಮುಂದ. ಸೀರಿ ಹಸಿ ಆಗಿದ್ದು ಹಿಂದ. ಓಣಿ ಹೆಣಮಕ್ಕಳ ಕಣ್ಣು ನಿನಗ ಗೊತ್ತಿಲ್ಲ. ಯಾರಾದ್ರೂ ಹಿಂದ ನೋಡ್ಯಾರು ಅಂತ ಬಾಯಿ ಮಾಡಿದೆ. ತುಂಬಿದ ಕೊಡ ಚೆಲ್ಯಾಳ, ನೋಡ್ರೇ ಅಂದೆ. ಎಲ್ಲಾರೂ ಕೊಡಾನ ನೋಡಿದ್ರು."

ಸೊಸೆ ಇಷ್ಟು ದಿನ ಇದಕ್ಕಾಗಿಯೇ ಮಾತು ಬಿಟ್ಟಿದ್ದಾಳಲ್ಲ, ಅವಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಆಕಿಗೆ ಹೇಳಿದ್ರ ನಿನ್ನ ಮಾನ ಹೇಳಿದಂಗ ಆಕ್ಕಿತ್ತಲ್ಲ. ನೀನ ಹೇಳದ್ದು ನಾ ಹೆಂಗ ಹೇಳ್ಲಿ? ಸೊಸಿ ಸಿಟ್ಟು ನನಗೇನು ಹೊಸಾದೇನು? ಗ್ವಾಡಿ ಕೂಡ ಮಾತಾಡಿಕೆಂತ ಇದ್ದೆ" ಎಂದರು.

ಆಮೇಲೆ ಇನ್ನೂ ಹತ್ತಿರ ಬಂದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಮುಂಜಾನಿ ಮಲಗಿದಲ್ಲೇ ಆ ಪದ ಗುನುಗ್ತಿದ್ದೆಲ್ಲ, ಅದನ್ನ ನನಗೂ ಒಂದೀಟು ಹೇಳಿಕೊಡವ್ವಾ. ನಾ ಸೀನು ಬಂದ್ರ ಹಿತ್ತಲಕ್ಕ ಓಡಾಕಿ. ಈಗೀಗ ಕಾಲು ಓಡವಲ್ವು" ಎಂದರು.

ಕೊಟ್ರಿ, ನಾನು ಅವರ ಕೈ ಹಿಡಿದು ಅತ್ತೆ. ನನ್ನನ್ನು ಬೈದ ಬಾಯಿ ನನ್ನ ಮಾನ ಕಾಯುತ್ತಿತ್ತು, ಅದಕ್ಕಾಗಿ ಅವರು ಸ್ವಂತ ಮನೆಯಲ್ಲಿ ಗೋಡೆಗೆ ಮಾತಾಡಿಕೊಂಡು ದಿನ ಕಳೆದರು. ನಾವಿಬ್ಬರೂ ಅವರ ಋಣ ತೀರಿಸಬೇಕು. ಪದ ಹೇಳಿಕೊಡುವ ಮುಂಚೆ ಡಾಕ್ಟರಮ್ಮ ನೋಡಬೇಕು, ನಾವು ಒಮ್ಮೆ ಅರ್ಧ ಕೇಳಿ ಮಾಡಿದ್ದು ಸಾಕು. ಗುರುವಾರ ಆಸ್ಪತ್ರೆಯಲ್ಲಿರುತ್ತಾರೆ. ನಿಮ್ಮ ಅತ್ತೆಯನ್ನು ಕರೆದುಕೊಂಡು ಬಾ. ನಾನು ಹೇಳಿದೆನೆಂದು ಹೇಳಬೇಡ, ನಿನಗೇ ತೋರಿಸಿಕೊಳ್ಳಬೇಕಾಗಿದೆ, ಜೊತೆಗೆ ಬನ್ನಿ ಎಂದು ಕರೆ. ಗೋಡೆಗೆ ಹೇಳದೆ ಅವರಿಗೇ ಹೇಳು.

ದಾರಿಯಲ್ಲಿ ಅವರ ಮುಖ ನೋಡುತ್ತಿರು. ಅವರಿಗೆ ಇಳಿಯಬೇಕು ಅನ್ನಿಸಿದರೆ ಬಾಯಿಬಿಟ್ಟು ಕೇಳುವುದಿಲ್ಲ. ಆಗ ನೀನೇ ಎದ್ದು ನಿಂತು ಬಸ್ಸು ನಿಲ್ಲಿಸಲು ಕಂಡಕ್ಟರನಿಗೆ ಹೇಳು. ನನಗೆ ಅವಸರವಾಗಿದೆ ಎನ್ನು. ಬಸ್ಸಿನವರೆಲ್ಲ ನಿನ್ನನ್ನೇ ನೋಡುವ ಹಾಗೆ, ಜೋರಾಗಿ ಹೇಳು.

ನಿನ್ನ,
ರೋಶನಬಿ